ನಾಲಗೆಗೆ ತಾಗಿಸದ ಮರ

ಆಗ ನನಗೆ ಐವತ್ತಾರು ವರ್ಷ. ಇದು ನಡೆದು ಇಪ್ಪತ್ತೇಳು ವರ್ಷವಾಯಿತು. ಮಗನಿಗೆ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಸೂರತ್‌ಗೆ ವರ್ಗವಾದಾಗ ನಾನೂ ಯಜಮಾನರೂ ಅವನ ಜೊತೆ ಹೋದೆವು. ಅಲ್ಲಿನ ಅಡಾಜಣ್ ಬಡಾವಣೆಯ ಒಂದು ಬಿಲ್ಡಿಂಗಿನಲ್ಲಿ ಕೆಳಗಿನ ಮನೆ ಸಿಕ್ಕಿತು.

ನಮ್ಮದು ಚನ್ನಪಟ್ಟಣ, ಮರ ಕಡೆಯುವ ಮನೆತನ. ಸುಮ್ಮನೆ ಕೂತರೆ ನನಗೆ ಮೈಕೈ ನೋವು. ಮನೆಯ ಹಿಂದಿನ ಕಟ್ಟೆಯ ಮೇಲೆ ಕೈ ತಿರುಗಣೆ ಹೂಡಿಸಿದೆ. ಯಜಮಾನರು ಹಗ್ಗ ಎಳೆಯುವುದು, ನಾನು ಉಳಿ ಹಿಡಿಯುವುದು. ಸಾಮಿಲ್ಲಿನವರು ಬಿಸಾಡುವ ತುಂಡುಗಳನ್ನು ಗೋಣಿಚೀಲದಲ್ಲಿ ತಂದು ಬಟ್ಟಲು ಕಡೆಯುತ್ತಿದ್ದೆವು. ಹುಣಸೆ, ಬೇವು, ಬಾಗೆ, ಯಾವುದು ಸಿಕ್ಕರೆ ಅದು.

ಎರಡನೇ ಮಹಡಿಯ ಕಾಂತಾಬೇನ್‌ಗೆ ಸಕ್ಕರೆ ಕಾಯಿಲೆ. ಅದಕ್ಕೆ ಹೊನ್ನೆ ಮರದ ಬಟ್ಟಲಿನಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವುದು ನಮ್ಮ ಕಡೆ ಇದ್ದಂತೆ ಅವರ ಕಡೆಯೂ ಇದೆ. "ಗೌರಿಬೇನ್, ನನಗೊಂದು ಮಾಡಿಕೊಡಿ. ಮಾತ್ರೆ ನುಂಗಿ ನುಂಗಿ ಹೊಟ್ಟೆ ಮೆಡಿಕಲ್ ಸ್ಟೋರ್ ಆಗಿದೆ" ಎಂದು ತಿಂಗಳಿಂದ ಕಾಡುತ್ತಿದ್ದರು.

ಒಂದು ದಿನ ಚೀಲದಲ್ಲಿ ಹಳದಿ ಬಣ್ಣದ ಗಟ್ಟಿ ತುಂಡು ಎರಡು ಬಂದವು. ಎರಡೂ ಹೊನ್ನೆ ಅಂದುಕೊಂಡೆ. ಅನುಮಾನದ ಮರವನ್ನು ಕಡೆಯುವ ಮೊದಲು ನಾಲಗೆಗೆ ತಾಗಿಸಿ ನೋಡಬೇಕು ಎಂದು ನಮ್ಮಪ್ಪ ಹೇಳಿಕೊಟ್ಟಿದ್ದ. ಕಾಸರಕ ಎಂಬ ವಿಷದ ಮರವಿದೆ, ಅದು ತಾಗಿದ ತಕ್ಷಣ ಕಹಿ. ಅವತ್ತು ನನ್ನ ಬಾಯಿ ತುಂಬ ಎಲೆಅಡಿಕೆ, ಹೊಗೆಸೊಪ್ಪು. ಉಗಿದು ಬಾಯಿ ಮುಕ್ಕಳಿಸಲು ಸೋಮಾರಿತನ. ಹಾಗೇ ಎರಡು ಬಟ್ಟಲು ಕಡೆದೆ. ಎಣ್ಣೆ ಉಜ್ಜಿದ ಮೇಲೆ ಎರಡೂ ಒಂದೇ ಥರ ಕಂಡವು. ಒಂದನ್ನು ಸಂಜೆ ಕಾಂತಾಬೇನ್‌ಗೆ ಕೊಟ್ಟೆ.

ಬೆಳಿಗ್ಗೆ ಮರದ ಹೊಟ್ಟು ಗುಡಿಸುತ್ತಿದ್ದ ಯಜಮಾನರು ಥೂ ಎಂದು ಉಗಿದರು.

"ಏನ್ ಮರಾನೇ ಇದು? ತುಟಿಗೆ ಹಾರಿದ್ದಕ್ಕೇ ಬಾಯೆಲ್ಲ ಕಹಿ ಆಗೋಯ್ತು."

ನಾನೂ ಒಂದು ಚಿಟಿಕೆ ನಾಲಗೆಯ ಮೇಲಿಟ್ಟೆ. ಕಾಸರಕ.

ಆಗಲೇ ಮೇಲಕ್ಕೆ ಓಡಬೇಕಿತ್ತು. ಓಡಲಿಲ್ಲ. ಎರಡರಲ್ಲಿ ಒಂದು ಹೊನ್ನೆ ಇರಬಹುದು, ಅದನ್ನೇ ಕೊಟ್ಟಿರಬಹುದು ಎಂಬ ಆಸೆ. ಮನೆಯಲ್ಲಿ ಉಳಿದಿದ್ದ ಬಟ್ಟಲಿಗೆ ನೀರು ಹಾಕಿ ಬಿಸಿಲಿಗಿಟ್ಟೆ. ಹೊನ್ನೆಯಾದರೆ ನೀರಿನಲ್ಲಿ ನೀಲಿ ಮಿನುಗುತ್ತದೆ. ನೀಲಿಯಾಗದಿರಲಿ ಎಂದು ಬೇಡಿಕೊಂಡೆ. ವಿಷದ್ದು ಮನೆಯಲ್ಲೇ ಉಳಿದಿದ್ದರೆ ಕೊಟ್ಟದ್ದು ಒಳ್ಳೆಯದು ಎಂದಾಯಿತಲ್ಲ. ಕಾಲು ಗಂಟೆಯಲ್ಲಿ ನೀರು ಚೆನ್ನಾಗಿ ನೀಲಿಯಾಯಿತು. ಅಂದರೆ ಮೇಲೆ ಕೊಟ್ಟದ್ದೇ ಕಾಸರಕ.

ಮೆಟ್ಟಿಲು ಹತ್ತಿ ಹೋದರೆ ಕಾಂತಾಬೇನ್ ಮನೆಗೆ ಬೀಗ. ವಾಚ್‌ಮನ್ ಹೇಳಿದ: "ಮಾಸಿ, ಅವರಿಗೆ ಕೈಕಾಲು ಸೆಟೆದುಕೊಂಡವು. ಮಗ ರಿಕ್ಷಾದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ."

ಯಜಮಾನರಿಗೆ ಹೇಳಿದೆ. ಅವರು ಬಾಗಿಲು ಹಾಕಿ ಚಿಲಕ ಸಿಕ್ಕಿಸಿದರು. "ಬಾಯಿ ಮುಚ್ಕೊಂಡು ಕೂತ್ಕೊ. ಭಾಷೆ ಬರದ ಊರು. ಪೊಲೀಸ್ನೋರು ಬಂದ್ರೆ ಮಗನ ಕೆಲಸಾನೂ ಹೋಯ್ತದೆ."

"ಏನ್ ಕುಡಿದವ್ರೆ ಅಂತ ಗೊತ್ತಿಲ್ದೆ ಡಾಕ್ಟ್ರು ಏನ್ ಔಷಧಿ ಕೊಡ್ತಾರೆ?"

"ಸತ್ತೋದ್ರೆ ನಿನ್ನ ಜೈಲಿಗೆ ಹಾಕ್ತಾರೆ, ತಿಳ್ಕೊ."

ಅದು ನನಗೂ ಗೊತ್ತಿತ್ತು. ಹೊಟ್ಟನ್ನು ಕಾಗದದಲ್ಲಿ ಕಟ್ಟಿಕೊಂಡು ಚಿಲಕ ತೆಗೆದೆ. ಅವರು ಬೈಯುತ್ತಲೇ ಹಿಂದೆ ಬಂದರು.

ವಾಚ್‌ಮನ್ ಹೇಳಿದ ಆಸ್ಪತ್ರೆಯಲ್ಲಿ ಕಾಂತಾಬೇನ್ ದವಡೆ ಬಿಗಿದು ಮಲಗಿದ್ದರು. ಯಾರಾದರೂ ಮುಟ್ಟಿದರೆ ಬೆಚ್ಚಿ ಬೆನ್ನು ಬಿಲ್ಲಿನಂತೆ ಬಾಗುತ್ತಿತ್ತು. ಡಾಕ್ಟರು ಧನುರ್ವಾಯು ಅಂದುಕೊಂಡಿದ್ದರು. ನಾನು ಪೊಟ್ಟಣ ಬಿಚ್ಚಿ ಹರಕು ಹಿಂದಿಯಲ್ಲಿ ಹೇಳಿದೆ: "ಈ ಮರದ ನೀರು ಕುಡಿದಿದ್ದಾರೆ. ನಾನೇ ಕೊಟ್ಟೆ." ಡಾಕ್ಟರು ಒಂದು ಚೂರು ನಾಲಗೆಗಿಟ್ಟು ತಕ್ಷಣ ಉಗಿದರು. "ಝೇರ್ ಕೋಚಲಾ" ಎಂದರು. ಗುಜರಾತಿನಲ್ಲಿ ಕಾಸರಕಕ್ಕೆ ಅದೇ ಹೆಸರು. ದೀಪ ಆರಿಸಿ, ಯಾರೂ ಮುಟ್ಟಬೇಡಿ, ಸದ್ದು ಮಾಡಬೇಡಿ ಎಂದು ಎಲ್ಲರನ್ನೂ ಹೊರಗೆ ಕಳಿಸಿ ಸೂಜಿ ಹಾಕಿದರು. ಕಾಂತಾಬೇನ್ ಮಗ ನನ್ನ ಮೇಲೆ ಕೈ ಎತ್ತಿದ. ಹೊಡೆಯಲಿಲ್ಲ. ಹೊಡೆದಿದ್ದರೂ ಸರಿಯೇ.

ಇಡೀ ದಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಒಳಗಿನಿಂದ ಯಾರು ಬಂದರೂ ಹೆಣ ತೆಗೆಯಿರಿ ಎಂದು ಹೇಳಲು ಬಂದರು ಅನ್ನಿಸುತ್ತಿತ್ತು. ಸಂಜೆ ಐದರ ಹೊತ್ತಿಗೆ ದವಡೆ ಸಡಿಲವಾಯಿತು. ನನ್ನನ್ನು ಒಳಗೆ ಕರೆದರು.

"ಕಹಿ ಇತ್ತು, ಗೌರಿಬೇನ್" ಎಂದರು ಕಾಂತಾಬೇನ್. "ನೀವು ಕೊಟ್ಟಿದ್ದಲ್ಲವಾ, ಔಷಧಿ ಅಂತ ಪೂರಾ ಕುಡಿದೆ."

ಇವತ್ತಿಗೂ ನಾನು ಬಡಿಸಿದ್ದನ್ನು ಯಾರಾದರೂ ಬಾಯಿಗಿಟ್ಟರೆ ಅವರ ಮುಖವನ್ನೇ ನೋಡುತ್ತೇನೆ. ಅವರು ನುಂಗುವವರೆಗೆ ನನಗೆ ಉಸಿರಿಲ್ಲ.

ನಮ್ಮ ಬಿಲ್ಡಿಂಗಿನಲ್ಲಿ ಇನ್ನೂ ಐದು ಮನೆಗೆ ಬಟ್ಟಲು ಕೊಟ್ಟಿದ್ದೆ. ಮರುದಿನ ಬೆಳಿಗ್ಗೆ ಐದೂ ಬಾಗಿಲು ಬಡಿದು, ನಡೆದದ್ದನ್ನು ಹೇಳಿ, ವಾಪಸು ಕೇಳಿದೆ. "ಇದು ಹುಣಸೆ ಮರದ್ದು ಅಂತ ನೀವೇ ಹೇಳಿದ್ರಲ್ಲ ಮಾಸಿ, ಮಗು ಇದರಲ್ಲೇ ಹಾಲು ಕುಡಿಯುತ್ತೆ" ಎಂದಳು ಒಬ್ಬಳು. ಹುಣಸೆಯೇ ಎಂದು ನನಗೂ ಗೊತ್ತಿತ್ತು. ಮಗುವಿನ ಕೈಯಿಂದ ಕಿತ್ತುಕೊಂಡು ಬಂದೆ.