ಗಡಿಯಾರದವನ ಕೈಚಟ

ನಮ್ಮಣ್ಣ ಮೂವತ್ತೆಂಟು ವರ್ಷಗಳಿಂದ ಗಡಿಯಾರ ರಿಪೇರಿ ಮಾಡುತ್ತಿದ್ದಾನೆ. ಕೈ ಬಂಗಾರ, ಬಾಯಿ ಮಾತ್ರ ಕೆಂಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ರಿಪೇರಿಯಾದ ವಾಚು ಮತ್ತೆ ನಿಂತರೆ ತಪ್ಪು ಗಿರಾಕಿಯ ಮಣಿಕಟ್ಟಿನದೇ.

ನನ್ನ ಮಗಳು ಎರಡು ವರ್ಷ ಕೂತು ತನ್ನ ಗೇಮ್ ಕನ್ಸೋಲಿನಲ್ಲೇ ಒಂದು ಹೊಸ ಆಟ ಕಟ್ಟಿದ್ದಳು. ಆ ವಿದ್ಯೆ ಕಲಿಸುವ ಕಾಲೇಜಿನಲ್ಲಿ ಅವತ್ತು ಸಂಜೆ ನಾಲ್ಕಕ್ಕೆ ಸಂದರ್ಶನ. ಕನ್ಸೋಲು ಹೊತ್ತುಕೊಂಡು ಹೋಗಿ ಆಡಿ ತೋರಿಸಬೇಕು, ಸಿಗುವುದು ಹತ್ತೇ ನಿಮಿಷ. ಹಳೆಯ ಹಾರ್ಡ್ ಡಿಸ್ಕಿನಿಂದ ಆಟ ತೆರೆದುಕೊಳ್ಳಲಿಕ್ಕೇ ನಾಲ್ಕು ನಿಮಿಷ ಬೇಕು. ವೇಗಕ್ಕೆಂದು ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕು ತಂದಳು. ಕನ್ಸೋಲು ಬಿಚ್ಚಲು ಹೋದರೆ ಒಂದು ಸ್ಕ್ರೂವಿನ ತಲೆ ಸವೆದುಹೋಗಿತ್ತು. ಇಬ್ಬರೂ ಅಣ್ಣನ ಅಂಗಡಿಗೆ ಓಡಿದೆವು. ಆಟಕ್ಕೆ ಬೇರೆಲ್ಲೂ ಪ್ರತಿ ಇರಲಿಲ್ಲ.

ಅಣ್ಣ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂದಲು ಕೊಂಕದ ಹಾಗೆ ಸ್ಕ್ರೂ ತೆಗೆದ, ಡಿಸ್ಕನ್ನು ಹೊರಗೆಳೆದ. ಮಗಳು ಬೆನ್ನು ತಿರುಗಿಸಿ ಲ್ಯಾಪ್‌ಟಾಪಿಗೆ ಕೇಬಲ್ ಹಾಕುತ್ತಿದ್ದಳು. ಆಗ ಅವನ ಕೈ ತಾನಾಗಿಯೇ ಮೇಜಿನ ತುದಿಯ ಪುಟ್ಟ ಪೆಟ್ಟಿಗೆಯ ಗುಂಡಿ ಒತ್ತಿ, ಡಿಸ್ಕನ್ನು ಅದರ ಮೇಲೆ ಮೂರು ಸಲ ಸವರಿತು. ವಾಚಿಗೆ ಹತ್ತಿದ ಕಾಂತಶಕ್ತಿ ಇಳಿಸುವ ಪೆಟ್ಟಿಗೆ ಅದು. ಅವನ ಕೈಗೆ ಬಂದದ್ದು ಯಾವುದೂ ಆ ಮೂರು ಸುತ್ತು ತಪ್ಪಿಸಿಕೊಂಡದ್ದಿಲ್ಲ.

ಡಿಸ್ಕಿನಲ್ಲಿರುವುದೆಲ್ಲ ಕಾಂತದಲ್ಲೇ ಬರೆದಿರುವುದೆಂದು ದಾರಿಯಲ್ಲಷ್ಟೇ ಮಗಳು ನನಗೆ ಹೇಳಿದ್ದಳು. ಅವನಿಗೂ ಗೊತ್ತಿತ್ತೆಂದು ಕಾಣುತ್ತದೆ, ಮುಖ ಸುಣ್ಣವಾಯಿತು. ಆ ಕೈ ಮುರಿಯುವಷ್ಟು ಸಿಟ್ಟು ಬಂದರೂ ಬಾಯಿ ಬಿಡಲಿಲ್ಲ. ಅವನೇ ಹೇಳಲಿ ಎಂಬ ಹಟ.

ಅವನು ಹೇಳಲಿಲ್ಲ. ಡಿಸ್ಕು ಕೊಟ್ಟ. ಮಗಳು ಹಳೆಯದರಿಂದ ಹೊಸದಕ್ಕೆ ನಕಲು ಶುರು ಮಾಡಿದಳು. ಶೇಕಡ ಹತ್ತು, ಇಪ್ಪತ್ತು, ಮೂವತ್ತು. ಗಂಟೆ ಎರಡಾಯಿತು. ನಲವತ್ತಮೂರಕ್ಕೆ ಬಂದು ನಿಂತೇಬಿಟ್ಟಿತು. ಐದು ನಿಮಿಷವಾದರೂ ಜಪ್ಪಯ್ಯ ಅನ್ನಲಿಲ್ಲ. ಕೇಬಲ್ಲೇ ಸರಿಯಿಲ್ಲವೇನೋ ಎಂದು ಮಗಳು ಗೊಣಗಿದಳು. ಹೌದೆಂದುಬಿಟ್ಟಿದ್ದರೆ ಅಣ್ಣನ ಮೀಸೆ ಮಣ್ಣಾಗುತ್ತಿರಲಿಲ್ಲ.

"ಕೇಬಲ್ಲಿಂದಲ್ಲ ಮಗಾ, ತಪ್ಪು ನಂದು," ಅಂದ. ಆಮೇಲೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಮಗಳು ಅಳಲಿಲ್ಲ. ಅವನನ್ನೇ ನೋಡಿದಳು, ಮತ್ತೆ ಪರದೆ ನೋಡಿದಳು.

ಎಷ್ಟೋ ಹೊತ್ತಿನ ಮೇಲೆ ನಲವತ್ತನಾಲ್ಕಾಯಿತು. ಆಮೇಲೆ ನಿಲ್ಲಲಿಲ್ಲ. ಆ ಪುಟ್ಟ ಪೆಟ್ಟಿಗೆಗೆ ಡಿಸ್ಕು ಅಳಿಸುವಷ್ಟು ತಾಕತ್ತಿರಲಿಲ್ಲ. ಹಳೇ ಡಿಸ್ಕು ತನ್ನ ಮುಪ್ಪಿಗೆ ತಾನೇ ತಡವರಿಸಿತ್ತು. ಹೊಸದರಲ್ಲಿ ಆಟ ಹನ್ನೊಂದು ಸೆಕೆಂಡಿಗೆ ತೆರೆಯಿತು. ಮಗಳು ಕನ್ಸೋಲನ್ನು ಎದೆಗವಚಿಕೊಂಡು ಆಟೋ ಹತ್ತಿದಳು.

ನಾನೂ ಹೊರಡಲು ಎದ್ದೆ. ಅಣ್ಣ ಮೇಜು ಒರೆಸುತ್ತ, ತಲೆ ಎತ್ತದೆ, "ಅಪ್ಪನ ವಾಚು ಒಡೆದದ್ದೂ ನಾನೇ ಕಣೆ. ಏಟು ನೀನು ತಿಂದೆ," ಅಂದ.

ಆ ವಾಚಿಗಾಗಿ ಅಪ್ಪ ಹೊಡೆದಾಗ ನನಗೆ ಒಂಬತ್ತು ವರ್ಷ. ಒಡೆದವನು ಅವನೇ ಎಂದು ಅವತ್ತೇ ಗೊತ್ತಿತ್ತು. ಆದರೂ ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಕೂತು, ಏಟು ತಿಂದ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತೆ.