ಏನ್ರೀ ಎಂದಾಗ ಓಗೊಟ್ಟವರು

ಇಂಥ ಮಾತುಗಳನ್ನು ನಂಬುವವಳಲ್ಲ ನಾನು. ವೃತ್ತಿಯಿಂದ ನರ್ಸು. ಮೊದಲು ಧಾರವಾಡದಲ್ಲಿ, ಆಮೇಲೆ ಇಲ್ಲಿ ಅಮೆರಿಕದ ಬೇ ಏರಿಯಾದ ಆಸ್ಪತ್ರೆಯೊಂದರಲ್ಲಿ, ನಿವೃತ್ತಿಯಾಗುವ ತನಕ ವಾರ್ಡು ನೋಡಿಕೊಂಡೆ. ಕಿಟಕಿಯ ಹತ್ತಿರ ಯಾರೋ ನಿಂತಿದ್ದಾರೆ ಎಂದವರು, ಎಂದೋ ತೀರಿಹೋದ ತಾಯಿ ಬಂದು ಕಾಲು ಒತ್ತಿದಳು ಎಂದವರು, ಎಷ್ಟೋ ರೋಗಿಗಳನ್ನು ಕಂಡಿದ್ದೇನೆ. ನಾನು ಹೆದರುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಜ್ವರ ನೋಡುತ್ತಿದ್ದೆ, ಯಾವ ಔಷಧಿ ಯಾವಾಗ ಕೊಟ್ಟಿದೆ ನೋಡುತ್ತಿದ್ದೆ, ಡಾಕ್ಟರಿಗೆ ತಿಳಿಸುತ್ತಿದ್ದೆ. ಬಹಳ ಸಲ ಕಾರಣ ಸಿಗುತ್ತಿತ್ತು. ಸಿಗದಿದ್ದರೆ, ಕಾರಣ ಇದ್ದೇ ಇದೆ, ನಮಗೆ ಕಂಡಿಲ್ಲ ಅಷ್ಟೆ ಎಂದುಕೊಂಡು ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ಲಿವರ್‌ಮೋರಿನ ಆ ಬೆಳಗನ್ನು ಮಾತ್ರ ಹಾಗೆ ಬಿಟ್ಟು ಮುಂದೆ ಹೋಗಲು ನನ್ನಿಂದ ಆಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಕಾರಣ ಹೊಳೆದರೆ ನೀವೇ ಹೇಳಿ.

ನಮ್ಮವರು ಎಂಜಿನಿಯರು. ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದರಲ್ಲಿ ದುಡಿದವರು. ಹರೆಯದಲ್ಲಿ ಒಮ್ಮೆ ಕಂಪನಿಯವರು ಅವರನ್ನು ಚಳಿಗಾಲದಲ್ಲಿ ಮಿಲಾನಿನ ಹತ್ತಿರದ ಕಾರ್ಖಾನೆಗೆ ಕಳಿಸಿದ್ದರು. ತಿರುಗಿ ಬಂದವರು ಕೆಲಸದ ಬಗ್ಗೆ ಏನೂ ಹೇಳಲಿಲ್ಲ, ಮಂಜಿನ ವರ್ಣನೆಯನ್ನೇ ಮಾಡಿದರು. ಬೀದಿಯ ಆಚೆ ಬದಿ ಕಾಣುವುದಿಲ್ಲವಂತೆ, ಚರ್ಚಿನ ಗಂಟೆ ಎಲ್ಲಿಂದ ಬರುತ್ತದೆಂದು ತಿಳಿಯುವುದಿಲ್ಲವಂತೆ. ಒಮ್ಮೆ ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ ಎಂದರು. ಆಮೇಲೆ ಮಗಳು ಹುಟ್ಟಿದಳು, ನನ್ನ ರಾತ್ರಿ ಪಾಳಿ, ಅವರ ಪ್ರಾಜೆಕ್ಟುಗಳು. ಮಾತು ಹಾಗೇ ಉಳಿಯಿತು.

ಇಬ್ಬರೂ ನಿವೃತ್ತರಾದ ಮೇಲೆ ನಮ್ಮ ಸ್ಯಾನ್ ರಮೋನ್ ಮನೆಯ ಊಟದ ಮೇಜಿನ ಮೇಲೆ ಉತ್ತರ ಇಟಲಿಯ ನಕ್ಷೆ ಬಂದು ಕೂತಿತು. ತುರಿನ್, ಕ್ರೆಮೋನಾ, ಮಾಂತುವಾ, ಪಾದುವಾ. ನಾಲ್ಕೇ ಊರು, ಒಂದೊಂದರಲ್ಲಿ ಒಂದು ವಾರ. ಟೂರ್ ಬಸ್ಸಿಲ್ಲ, ಬೆಳಗಾಗೆದ್ದು ಓಡುವುದಿಲ್ಲ, ಊರಿಂದೂರಿಗೆ ಸಣ್ಣ ರೈಲು. ಜನವರಿಯಲ್ಲೇ ಹೋಗಬೇಕು, ಮಂಜು ಇರುವುದು ಆಗಲೇ. ಕನಸು ಅವರದು, ವ್ಯವಸ್ಥೆ ನನ್ನದು. ರೈಲಿನ ಹೊತ್ತಿಗೆ ಗುಳಿಗೆಯ ಹೊತ್ತು ಹೊಂದಿಸಿದೆ, ಲಿಫ್ಟು ಇರುವ ಕೋಣೆಗಳನ್ನೇ ಹುಡುಕಿದೆ.

ಆ ಶರತ್ಕಾಲದಲ್ಲೇ ತೊಂದರೆ ಕಾಣಿಸಿಕೊಂಡಿತು. ಕೊತ್ತಂಬರಿ ತರಲು ಹೋದವರು ಫ್ರೀವೇ ಹಿಡಿದು ಎಲ್ಲೋ ದೂರದ ಪಾರ್ಕಿಂಗ್ ಲಾಟಿನಿಂದ ಫೋನು ಮಾಡಿ, "ನಾ ಇಲ್ಲಿಗೆ ಯಾಕ ಬಂದೆ, ನಿನಗೇನರ ಗೊತ್ತದ ಏನು?" ಎಂದು ಕೇಳಿದರು. ಮರೆವಿನ ಕಾಯಿಲೆಯ ಆರಂಭ ಎಂದರು ಡಾಕ್ಟರು. ಎಷ್ಟು ವೇಗವಾಗಿ ಬೆಳೆಯುತ್ತದೆ ಹೇಳಲಾಗದು, ಮಾಡಬೇಕೆಂದದ್ದನ್ನು ಮುಂದೂಡಬೇಡಿ ಎಂದೂ ಹೇಳಿದರು. ಅಂದರೆ ಹೋದರೆ ಈ ಚಳಿಗಾಲ, ಇಲ್ಲದಿದ್ದರೆ ಎಂದೂ ಇಲ್ಲ.

ಮಗಳು ವಿದ್ಯಾಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. "ಅಮ್ಮಾ, ಬಿ ಪ್ರಾಕ್ಟಿಕಲ್. ಅಪ್ಪ ಅಲ್ಲಿ ಕಳೆದುಹೋದ್ರೆ ಏನ್ಮಾಡ್ತೀಯ? ಇಲ್ಲೇ ನಾಪಾಗೆ ಹೋಗಿ. ಸೇಮ್ ವೈನು, ಸೇಮ್ ಚಳಿ."

ಒಳಗಿನಿಂದ ಇವರು ಕೂಗಿದರು: "ಇಲ್ಲೆ ವೈನ್ ಕುಡಿಯಾವ್ರು ಯಾರವ್ವಾ? ನಾ ಮಂಜು ನೋಡ್ಲಿಕ್ಕೆ ಹೊಂಟೀನಿ."

ಹೊಸ ನರ್ಸನ್ನು ನಾವು ನೇರವಾಗಿ ರೋಗಿಯ ಹತ್ತಿರ ಬಿಡುವುದಿಲ್ಲ, ಮೊದಲು ಅಭ್ಯಾಸ ಮಾಡಿಸುತ್ತೇವೆ. ಪ್ರವಾಸಕ್ಕೂ ಅದನ್ನೇ ಮಾಡಲು ನಿಶ್ಚಯಿಸಿದೆ. ಕಾರು ಮುಟ್ಟುವುದಿಲ್ಲ. ಅವರವರ ಪೆಟ್ಟಿಗೆ ಅವರವರೇ ಎಳೆದುಕೊಂಡು ಬಸ್ಸು, ರೈಲು, ಮತ್ತೆ ಬಸ್ಸು ಹತ್ತಿ ಹತ್ತಿರದ ಲಿವರ್‌ಮೋರಿಗೆ ಹೋಗುವುದು, ಅಲ್ಲಿಯ ವಸತಿಗೃಹದಲ್ಲಿ ಒಂದು ರಾತ್ರಿ ತಂಗಿ ಬರುವುದು. ಇವರು ಎಲ್ಲಾದರೂ ತಬ್ಬಿಬ್ಬಾದರೆ ಇಟಲಿ ರದ್ದು. ಈ ಕೊನೆಯ ಮಾತು ಮಗಳಿಗೆ ಮಾತ್ರ ಗೊತ್ತಿತ್ತು. ನಿಜ ಹೇಳಬೇಕೆಂದರೆ, ನನ್ನ ಮನಸ್ಸು ಆಗಲೇ ಬೇಡ ಎನ್ನುವ ಕಡೆಗೆ ವಾಲಿತ್ತು.

"ನಾಳೆ ಯಮ ಬಂದ್ರೂ ಇಕಿ ಮೊದಲ ಒಂದು ಪ್ರ್ಯಾಕ್ಟೀಸ್ ಮಾಡಸ್ತಾಳ," ಎಂದು ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳಿದರು. ಯಾರಿಗೂ ಕನ್ನಡ ಬಾರದ್ದು ನನ್ನ ಪುಣ್ಯ.

ಮನೆ ಬಿಟ್ಟಾಗ ಬಿಸಿಲಿತ್ತು. ಲಿವರ್‌ಮೋರಿನಲ್ಲಿ ಬಸ್ಸಿನಿಂದ ಇಳಿದಾಗ ಮುಂದೆ ಚಾಚಿದ ನನ್ನ ಕೈಯೇ ಮಸುಕಾಗಿತ್ತು. ಕಣಿವೆಯಲ್ಲಿ ಚಳಿಗಾಲದ ಕೆಲವು ಬೆಳಗು ಮಂಜು ಹಾಗೆ ಕೂತುಬಿಡುತ್ತದೆ. ಲಿವರ್‌ಮೋರ್ ಎಂದರೆ ನಮಗೆ ದೇವಸ್ಥಾನ, ಕಾರಿನಲ್ಲಿ ಹೋಗಿ ಕಾರಿನಲ್ಲಿ ಬರುವ ಊರು. ಅಲ್ಲಿಯ ಬೀದಿಯಲ್ಲಿ ನಾವು ನಡೆದವರೇ ಅಲ್ಲ. ಇವರಂತೂ ಮುಖ ಮೇಲೆತ್ತಿ ಮಂಜನ್ನು ಉಸಿರಾಡುತ್ತ ನಿಂತರು.

ನಿಲ್ದಾಣದ ಬೆಂಚಿನ ಮೇಲೆ ಅವರನ್ನು ಕೂಡಿಸಿದೆ. "ಇಲ್ಲೇ ಕೂಡ್ರಿ. ರಸ್ತೆ ಹೆಸರು ನೋಡ್ಕೊಂಡು ಬರ್ತೀನಿ. ಏಳಬ್ಯಾಡ್ರಿ ಮತ್ತ."

"ಆತು, ಸಿಸ್ಟರ್," ಎಂದು ಸಲಾಮು ಹೊಡೆದರು.

ಮೂಲೆಯ ಫಲಕ ಓದಿ ತಿರುಗಿದಾಗ ಪೆಟ್ಟಿಗೆಯ ಗಾಲಿಗಳ ಸದ್ದು ಕೇಳಿಸಿತು. ಅವರ ಪೆಟ್ಟಿಗೆಯ ಒಂದು ಗಾಲಿ ಕೆಟ್ಟಿತ್ತು, ಉರುಳುವಾಗ ಕಟಕಟ ಎನ್ನುತ್ತಿತ್ತು. ಅದೇ ಸದ್ದು ನನ್ನ ಮುಂದೆ, ನನ್ನಿಂದ ದೂರವಾಗುತ್ತ ಹೋಗುತ್ತಿತ್ತು. ಎದ್ದುಬಿಟ್ಟರು ಎಂದುಕೊಂಡೆ. ಎಲ್ಲ ಮುಗಿಯಿತು, ಇನ್ನು ಇಟಲಿ ಇಲ್ಲ ಎನ್ನಿಸಿತು. ಸಮಾಧಾನವಾಯಿತೋ ಸಂಕಟವಾಯಿತೋ ಹೇಳಲಾರೆ.

"ಏನ್ರೀ!" ಎಂದು ಕೂಗಿದೆ.

"ಹ್ಞಾಂ, ಬಾ," ಎಂದು ಉತ್ತರ ಬಂತು.

ನಾನು ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ನಮ್ಮ ಕಡೆ ಮದುವೆಯಲ್ಲಿ ಹೆಂಗಸರೆಲ್ಲ ಸೇರಿ ಒತ್ತಾಯ ಮಾಡಿ ಪ್ರಾಸದ ಸಾಲೊಂದರಲ್ಲಿ ಗಂಡನ ಹೆಸರು ಹೇಳಿಸುತ್ತಾರೆ. ಒಡಪು ಎನ್ನುತ್ತಾರೆ ಅದಕ್ಕೆ. ಅಂದು ನಾಚಿಕೊಂಡು ಹೇಳಿದ್ದೇ ಕೊನೆ. ಅಮೆರಿಕಕ್ಕೆ ಬಂದ ಮೇಲೆ ಕಾಗದಗಳಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಬಾಯಿಂದ ಮಾತ್ರ ಏನ್ರೀ, ಇಲ್ಲವೇ ಬರೀ ರೀ. ಆ ಕೂಗು ಯಾವ ಗಂಡನಿಗಾದರೂ ಸಲ್ಲುತ್ತದೆ ಎಂದು ಅಂದಿನ ತನಕ ನನಗೆ ಹೊಳೆದಿರಲಿಲ್ಲ.

"ಅಲ್ಲೇ ನಿಂದರ್ರಿ!" ಎಂದೆ.

"ಬಾ ಬಾ, ಇಲ್ಲೇ ಇದ್ದೀನಿ." ಸದ್ದು ನಿಲ್ಲಲಿಲ್ಲ.

ಅದು ಅವರದೇ ದನಿ. ಸ್ವಲ್ಪ ಒಡಕು, ಕೊನೆಗೆ ಸ್ವಲ್ಪ ನಗು. ಮುಂದೆ ಒಂದು ಆಕಾರವೂ ಕಂಡಿತು. ಎತ್ತರ ಅವರದೇ, ತಲೆಗೆ ಟೊಪ್ಪಿಗೆ. ನಾನು ಬೇಗ ನಡೆದರೆ ಅದೂ ಬೇಗ, ನಿಧಾನಿಸಿದರೆ ಅದೂ ನಿಧಾನ. ಕಾಲ ಕೆಳಗಿನ ಸಿಮೆಂಟು ಮುಗಿದು ಜಲ್ಲಿ ಬಂದದ್ದು ಗೊತ್ತಾಯಿತು. ಜಲ್ಲಿಯ ಮೇಲೂ ಗಾಲಿಗಳು ಸಿಮೆಂಟಿನ ಮೇಲೆ ಉರುಳಿದ ಹಾಗೇ ಕಟಕಟ ಎನ್ನುತ್ತಿದ್ದವು. ಅದು ಸರಿಯಲ್ಲವೆಂದು ಮನಸ್ಸಿಗೆ ಬರುವಷ್ಟರಲ್ಲಿ ಸದ್ದು ನಿಂತಿತು. ಹಾಗಾಗಿ ನಾನೂ ನಿಂತೆ.

ಆಗ ರೈಲಿನ ಸಿಳ್ಳು ಕೇಳಿತು. ಮಂಜಿನೊಳಗಿಂದ ಹಳದಿ ಬೆಳಕು ಬಂತು, ನೆಲ ನಡುಗಿತು, ಗೂಡ್ಸ್ ರೈಲೊಂದು ನನ್ನ ಮುಖದೆದುರೇ ಹಾಯತೊಡಗಿತು. ಅದರ ಗಾಳಿಗೆ ಸೆರಗಿನಂತೆ ನನ್ನ ಶಾಲು ಹಾರಿತು. ಡಬ್ಬಿಗಳು ಮುಗಿಯುವಂತೆಯೇ ಇರಲಿಲ್ಲ. ಆ ಆಕಾರ ನಿಂತಿದ್ದ ಜಾಗದಲ್ಲೇ ರೈಲು ಹೋಗುತ್ತಿತ್ತು. ಎಷ್ಟೋ ಸಾವು ಹತ್ತಿರದಿಂದ ಕಂಡವಳು ನಾನು, ಆದರೂ ಅಂದು ನನ್ನ ಗಂಟಲಿಂದ ಹೊರಟ ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ.

ರೈಲು ಹೋದ ಮೇಲೆ ಮತ್ತೆ ಕೂಗಿದೆ. ಉತ್ತರವಿಲ್ಲ. ಹಳಿಯ ಕಡೆ ಹೋಗಿ ನೋಡುವ ಧೈರ್ಯವಾಗಲಿಲ್ಲ. ಅವರ ಮೊಬೈಲಿಗೆ ಫೋನು ಮಾಡಿದೆ. ಕೂಡಲೇ ಎತ್ತಿದರು.

"ಎಲ್ಲಿದ್ದೀರಿ?"

"ಎಲ್ಲಿದ್ದೀರಿ ಅಂದ್ರ? ನೀ ಕೂಡ್ಸಿದಲ್ಲೇ. ಈಗರ ಎದ್ದು ಹೋದಿ, ಇಷ್ಟರಾಗ ಫೋನು?"

ಬೇಲಿ ಹಿಡಿದುಕೊಂಡು ನಿಲ್ದಾಣ ಮುಟ್ಟಿದೆ. ಬೆಂಚಿನ ಮೇಲೆ ಕೂತಿದ್ದರು. ಪೆಟ್ಟಿಗೆ ಅವರ ಮೊಣಕಾಲುಗಳ ನಡುವೆ ಇತ್ತು. ನನ್ನ ಉಸಿರು ಸಮವಾಗುವ ಮೊದಲೇ, ಅಭ್ಯಾಸಬಲದಿಂದ, ರೋಗಿಗೆ ಕೇಳುವ ಪ್ರಶ್ನೆಗಳನ್ನೆಲ್ಲ ಕೇಳಿದೆ. ವಾರ, ಊರು, ಬಂದ ದಾರಿ, ಮಗಳ ಹೆಸರು. ಒಂದೂ ತಪ್ಪಲಿಲ್ಲ. ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಕಳೆಯಿತ್ತು. ಒಂದು ಮಾತು ಮಾತ್ರ ಹೊಂದುತ್ತಿರಲಿಲ್ಲ. ನಾನು ಇಷ್ಟು ಹೊತ್ತೂ ಅವರ ಪಕ್ಕದಲ್ಲೇ ಕೂತಿದ್ದೆನಂತೆ.

"ಏನಂದೆ ನಾನು?" ಎಂದು ಮೆಲ್ಲಗೆ ಕೇಳಿದೆ.

"ಈ ಸಲ ಹೋಗೋದು ಖರೆ ಅಂದಿ. ಯಾರ ಬ್ಯಾಡ ಅಂದ್ರೂ ಹೋಗೂಣು ಅಂದಿ." ಆಮೇಲೆ ನಾಚಿದವರ ಹಾಗೆ ಆಚೆ ತಿರುಗಿದರು. "ವಸಂತಾ ಅಂತ ನನ್ನ ಹೆಸರು ಹಿಡಿದು ಕರದಿ. ಇಷ್ಟು ವರ್ಷದಾಗ ಮೊದಲನೇ ಸಲ."

ಮಗಳಿಗೆ ಒಂದನ್ನೂ ಮುಚ್ಚಿಡದೆ ಹೇಳಿದೆ. ಅವಳು, "ಅಮ್ಮಾ, ನಾನೀಗ ಯಾರ ಬಗ್ಗೆ ವರಿ ಮಾಡ್ಲಿ? ಅಪ್ಪನ ಬಗ್ಗೇನಾ, ನಿನ್ನ ಬಗ್ಗೇನಾ?" ಎಂದಳು. ಅವರು ಹೇಳಿದ್ದು ಕಾಯಿಲೆಯ ಲಕ್ಷಣವೆಂದು ಬರೆದುಕೊಳ್ಳಬಹುದಿತ್ತು. ಹಾಗಾದರೆ ನಾನು ಕೇಳಿದ್ದನ್ನೂ ಅದೇ ಪಟ್ಟಿಯಲ್ಲಿ ಬರೆಯಬೇಕಾಗುತ್ತಿತ್ತು. ಮಂಜಿನಲ್ಲಿ ದನಿ ದಿಕ್ಕು ತಪ್ಪುತ್ತದೆ, ಇರಬಹುದು. ಇಲ್ಲಿ ಕನ್ನಡದವರಿಗೇನೂ ಕೊರತೆಯಿಲ್ಲ, ಯಾರದೋ ಗಂಡ ತನ್ನ ಹೆಂಡತಿಯೇ ಕರೆದಳೆಂದು ಓಗೊಟ್ಟಿರಲೂಬಹುದು. ಹಾಗಿದ್ದರೆ ಆತ ಎಲ್ಲಿ ಹೋದ? ಹಳಿಯ ಮೇಲೆ ಏನೂ ಇರಲಿಲ್ಲ. ಮಂಜು ಹರಿದ ಮೇಲೆ ನಾನೇ ಹೋಗಿ ನೋಡಿ ಬಂದೆ. ಅದು ನನ್ನನ್ನು ರೈಲಿನ ಬಾಯಿಗೆ ಕರೆದೊಯ್ಯುತ್ತಿತ್ತೋ, ಸರಿಯಾದ ಗಳಿಗೆಯಲ್ಲಿ ನಿಲ್ಲಿಸಿತೋ, ಅದನ್ನೂ ಹೇಳಲಾರೆ.

ಜನವರಿಯಲ್ಲಿ ನಾವು ಹೋದೆವು. ಮಾತು ಕೊಟ್ಟವಳು ನಾನಲ್ಲ. ಆದರೆ ನನ್ನ ಬಾಯಿಂದ ಬಂದದ್ದೆಂದು ಅವರು ನಂಬಿದ್ದರು, ಅದನ್ನು ಸುಳ್ಳು ಮಾಡಲು ಮನಸ್ಸಾಗಲಿಲ್ಲ. ಮಾಂತುವಾದಲ್ಲಿ ಸರೋವರದ ದಂಡೆಯ ಮೇಲೆ ಅವರ ತೋಳು ಬಿಗಿಯಾಗಿ ಹಿಡಿದುಕೊಂಡು ಮಂಜಿನಲ್ಲಿ ನಡೆದೆ. ಅಲ್ಲಿದ್ದಷ್ಟು ದಿನ ಒಮ್ಮೆಯೂ ಅವರನ್ನು ದೂರದಿಂದ ಕರೆಯಲಿಲ್ಲ.

ಈಗ ಕೆಲವು ವರ್ಷಗಳಾದವು. ಕಾಯಿಲೆ ತನ್ನ ಪಾಡಿಗೆ ತಾನು ಬೆಳೆದಿದೆ. ಮಾಂತುವಾ ಎಂದರೆ ಏನೆಂದು ಕೇಳುತ್ತಾರೆ. ಆ ಬೆಂಚಿನ ಮೇಲೆ ಕೂತದ್ದು ಮಾತ್ರ ನೆನಪಿದೆ. ಸಂಜೆ ಹೊತ್ತು ನನ್ನ ಕೈ ಹಿಡಿದು, "ಅವತ್ತ ಕರದಂಗ ಒಮ್ಮೆ ಕರಿ," ಎನ್ನುತ್ತಾರೆ. ಮೊದಮೊದಲು ನಾಲಗೆ ಹೊರಳುತ್ತಿರಲಿಲ್ಲ. ಈಗ ಕಲಿತಿದ್ದೇನೆ. ಹತ್ತಿರ ಕೂತು, "ವಸಂತಾ," ಎನ್ನುತ್ತೇನೆ.

ಅವರು ಕಣ್ಣು ಮುಚ್ಚಿ ಗಮನವಿಟ್ಟು ಕೇಳುತ್ತಾರೆ. ಆಮೇಲೆ ತಲೆಯಲ್ಲಾಡಿಸುತ್ತಾರೆ.

"ಹಂಗಲ್ಲ," ಎನ್ನುತ್ತಾರೆ.