ಹುಣಸೆಹಣ್ಣಿಗೊಂದು ಕಾರ್ಯಯೋಜನೆ

ಅಂಗಳ ಗುಡಿಸಿದೆ, ಹಾಲನ್ನು ಡೇರಿಗೆ ಹಾಕಿ ಬಂದೆ, ಅತ್ತೆಯ ಬಿ.ಪಿ. ಮಾತ್ರೆಯನ್ನು ಅವರ ಅಂಗೈಗಿಟ್ಟು, ನುಂಗುವವರೆಗೂ ಎದುರಿಗೇ ನಿಂತೆ. ಹೆಲ್ಮೆಟ್ಟಿನೊಳಗೆ ಮೊಟ್ಟೆಯಿಡಲು ಕೂತಿದ್ದ ಕೋಳಿಯನ್ನು ಓಲೈಸಿ ಎಬ್ಬಿಸಿ, ಆ ಶಿರಸ್ತ್ರಾಣವನ್ನು ಯಜಮಾನರ ತಲೆಗೇರಿಸಿ, ಅವರನ್ನು ಪಾವಗಡದ ನಾದಿನಿಯ ಮನೆಗೆ ಸಾಗಹಾಕಿದೆ. ಇವತ್ತು ಬೆಳಗ್ಗೆ ಆರೂವರೆಯೊಳಗೆ ಮುಗಿಸಿದ ಕೆಲಸಗಳಿವು. ಇವುಗಳಲ್ಲಿ ಕಡೆಯದೊಂದು ಮಾತ್ರ ನನ್ನ ಲಿಖಿತ ಯೋಜನೆಯ ಪ್ರಕಾರ ನಡೆದದ್ದು ಎಂದರೆ, ಆ ಯೋಜನೆಯ ಗತಿಯನ್ನು ನೀವೇ ಊಹಿಸಬಹುದು.

ಹೋದ ವಾರ ನಮ್ಮ ಕಚೇರಿಯ ಗುಮಾಸ್ತರಿಗೆಲ್ಲ ಮಧುಗಿರಿಯಲ್ಲಿ ಒಂದು ದಿನದ ತರಬೇತಿಯಿತ್ತು. ಕಿಟಕಿಯಾಚೆಯ ಏಕಶಿಲಾ ಬೆಟ್ಟದ ಕಡೆಗೆ ಬೆರಳು ಮಾಡಿ ತರಬೇತುದಾರರು ಹೇಳಿದರು: ಎಂಥ ಮಹಾಕಾರ್ಯವನ್ನಾದರೂ ಮೆಟ್ಟಿಲುಗಳಾಗಿ ಒಡೆದರೆ ಹತ್ತಬಹುದು. ಮೊದಲು ಗುರಿ ಗೊತ್ತುಮಾಡಿ, ಕೆಲಸ ವಿಂಗಡಿಸಿ, ಯಾರು ಯಾವಾಗ ಏನು ಮಾಡಬೇಕೆಂದು ಬರೆಯಿರಿ, ಬರಬಹುದಾದ ವಿಘ್ನಗಳನ್ನು ಮೊದಲೇ ಊಹಿಸಿ, ಸಂಬಂಧಪಟ್ಟವರಿಗೆಲ್ಲ ತಿಳಿಸಿ. ನನಗೆ ಜ್ಞಾನೋದಯವಾದಂತಾಯಿತು. ಕಳ್ಳಂಬೆಳ್ಳದ ನಮ್ಮ ಹಿತ್ತಿಲಲ್ಲಿ ಎರಡು ಮರದ ಹುಣಸೆಹಣ್ಣು ಒಣಗಿ ಗುಡ್ಡೆ ಬಿದ್ದಿತ್ತು. ಮೂರು ದಿನ ರಜೆ ಹಾಕಿದೆ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು, ಸಿಪ್ಪೆ ಒಡೆಯುವುದು, ನಾರು ತೆಗೆಯುವುದು, ಬೀಜ ಕುಟ್ಟುವುದು, ಉಪ್ಪು ಬೆರೆಸಿ ಮಡಕೆಗೆ ತುಂಬುವುದು ಎಂದು ಮನೆಗಳನ್ನು ಮಾಡಿ, ಬೀದಿಯ ಹೆಂಗಸರ ಹೆಸರನ್ನೆಲ್ಲ ತುಂಬಿದೆ. ವಿಘ್ನಗಳ ಕಾಲಮಿನಲ್ಲಿ ಮೋಡಕ್ಕೆ ಟಾರ್ಪಾಲು, ಕುಟ್ಟುವಾಗ ಮುರಿಯಬಹುದಾದ ಮರದ ಕೊಡತಿಗೆ ಇನ್ನೊಂದು ಕೊಡತಿ, ಯಜಮಾನರ ಸಲಹೆಗಳಿಗೆ ಪಾವಗಡ. ಅದರ ಫೋಟೋ ತೆಗೆದು ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿ, ಸಂಬಂಧಪಟ್ಟವರಿಗೆ ತಿಳಿಸಿದ ತೃಪ್ತಿಯಲ್ಲಿ ಮಲಗಿದೆ.

ಮೊನ್ನೆ ಮೊದಲ ದಿನ. ಏಳಕ್ಕೆ ಯಾರೂ ಬರಲಿಲ್ಲ, ಎಂಟಕ್ಕೂ ಇಲ್ಲ. ಒಂಬತ್ತಕ್ಕೆ ಎದುರುಮನೆಯಲ್ಲಿ ಬಟ್ಟೆ ಹೊಲಿಯುವ ನೂರ್‌ಜಾನ್ ಇಣುಕಿದಳು.

“ಅರೇ, ಚಾರ್ಟು ಬೋ ಪಸಂದಾಗೈತೆ ಕಣಕ್ಕ, ಮದ್ವೆ ಕಾರ್ಡ್ ಇದ್ದಂಗೆ. ಆದ್ರೆ ರಂಗಕ್ಕ ಬರ್ದೆ ಯಾರ್ ಬತ್ತಾರೆ?”

ರಂಗಮ್ಮ ಎಂದರೆ ನಮ್ಮ ಬೀದಿಯ ಹುಣಸೆ ಕೆಲಸಕ್ಕೆಲ್ಲ ಮುಂದಾಳು. “ಅವಳ್ಯಾಕೆ ಬರಲ್ಲ?”

ಉತ್ತರ ಬಂದದ್ದು ಜಗಲಿಯ ಮೂಲೆಯಿಂದ, ಅತ್ತೆಯ ಬಾಯಲ್ಲಿ. “ಹೋದ್ವರ್ಸ ರಂಗಮ್ಮ ಎಲ್ಡ್ ದಿನ ನಮ್ಮನೇಲಿ ಕುಟ್ಟಿದ್ಲು. ಅವ್ಳ ಹಣ್ಗೆ ನೀನ್ ಹೋದ್ಯಾ? ಆಪೀಸು ಅಂದ್ಬುಟ್ಟು ಹಪ್ಪಳದ ಡಬ್ಬ ಕಳಿಸ್ದೆ. ಮುಯ್ಯಾಳು ಹಪ್ಪಳದಲ್ಲಿ ತೀರ್ತದೇನಮ್ಮ?”

“ಮೊದಲೇ ಹೇಳಬಾರದಿತ್ತಾ ಅತ್ತೆ?”

“ನೀನ್ ಕೇಳ್ದ್ಯಾ? ಗೆರೆ ಎಳೀತಾ ಕೂತಿದ್ದೆ.”

ನಮ್ಮ ಕಡೆ ಇದು ಬಾಯಲ್ಲಿ ಹೇಳದೆಯೇ ನಡೆಯುವ ಕಟ್ಟಳೆ: ಅವಳು ನನ್ನ ಮನೆಯಲ್ಲಿ ದುಡಿದಷ್ಟು ದಿನ ನಾನು ಅವಳ ಮನೆಯಲ್ಲಿ ದುಡಿದು ಮುಯ್ಯಿ ತೀರಿಸಬೇಕು, ತೀರಿಸದವಳ ಅಂಗಳಕ್ಕೆ ಯಾರೂ ಕೊಡತಿ ಹಿಡಿದು ಬರುವುದಿಲ್ಲ. ಮುಂದೆ ಬರುವ ವಿಘ್ನಗಳನ್ನೆಲ್ಲ ದುರ್ಬೀನು ಹಿಡಿದು ಹುಡುಕಿದ ನಾನು, ಹಿಂದೆ ಉಳಿಸಿಕೊಂಡದ್ದಕ್ಕೆ ಒಂದು ಕಾಲಮನ್ನೂ ಎಳೆದಿರಲಿಲ್ಲ. ಆಗಲೇ ಬುಕ್ಕಾಪಟ್ಟಣದ ದಿಕ್ಕಿನ ಆಕಾಶ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ತಂಡಿ ಹಿಡಿದರೆ ಗರಿಗರಿಯಾದ ಸಿಪ್ಪೆ ಮೆತ್ತಗಾಗಿ ಹಣ್ಣಿಗೇ ಕಚ್ಚಿಕೊಳ್ಳುತ್ತದೆ. ವರ್ಷದ ಹುಣಸೆ ಕೆಟ್ಟಂತೆಯೇ. ಒಬ್ಬಳೇ ಕೂತರೆ ಒಂದು ವಾರದ ಕೆಲಸ, ಇರುವುದು ಮೂರು ದಿನದ ರಜೆ.

ಗುಡ್ಡೆಗೆ ಟಾರ್ಪಾಲು ಹೊದಿಸಿದೆ. ಕೊಡತಿ ತೆಗೆದುಕೊಂಡು ರಂಗಮ್ಮನ ಮನೆಗೆ ಹೋದೆ. ಅವಳು ತನ್ನ ಹಣ್ಣಿನ ಮುಂದೆ ಕೂತಿದ್ದಳು, ತಲೆ ಎತ್ತಲಿಲ್ಲ.

“ಏನಮ್ಮಣ್ಣಿ, ನಂಗ್ ಡೂಟಿ ಹಾಕಾಕ್ ಬಂದ್ಯಾ?”

“ಇಲ್ಲ ಕಣಕ್ಕ. ಹೋದ ವರ್ಷದ ಡ್ಯೂಟಿ ಬಾಕಿ ಐತಲ್ಲ, ಮಾಡಕ್ ಬಂದೆ.”

“ಎಲ್ಡ್ ದಿನ ಆಯ್ತದೆ.”

“ಆಗ್ಲಿ.”

“ಮೋಡ ಆಗೈತೆ. ನಿನ್ ಹಣ್ಣು?”

“ಅದಕ್ಕೂ ಆದದ್ ಆಗ್ಲಿ.”

ಅವಳು ಕುಟ್ಟುವ ಕಲ್ಲನ್ನು ನನ್ನ ಕಡೆಗೆ ನೂಕಿದಳು. ಮೊನ್ನೆಯೂ ನಿನ್ನೆಯೂ ಅಲ್ಲೇ ಕುಟ್ಟಿದೆ. ಅಂಗೈಯಲ್ಲಿ ನಾಲ್ಕು ಬೊಬ್ಬೆ ಎದ್ದವು. ನಿನ್ನೆ ಮಧ್ಯಾಹ್ನ ಎರಡು ಹನಿ ಬಿದ್ದಾಗ ನನ್ನ ಕಣ್ಣು ನಮ್ಮ ಹಿತ್ತಿಲ ಕಡೆಗೆ ಓಡಿದ್ದನ್ನು ರಂಗಮ್ಮ ನೋಡಿದಳು. ಸಂಜೆ ನಾನು ಹೊರಟಾಗ ಅವಳು “ನಾಳೆ ಬಾ” ಎಂದೂ ಅನ್ನಲಿಲ್ಲ, “ನಾಳೆ ಬರ್ತೀನಿ” ಎಂದೂ ಅನ್ನಲಿಲ್ಲ.

ಇವತ್ತು ಯಜಮಾನರ ಸ್ಕೂಟರು ತಿರುವು ದಾಟಿ ಮರೆಯಾದ ಹೊತ್ತಿಗೆ, ಅದೇ ತಿರುವಿನಲ್ಲಿ ರಂಗಮ್ಮ ಕಾಣಿಸಿದಳು, ಹಿಂದೆ ನೂರ್‌ಜಾನ್ ಸೇರಿ ಐವರು ಹೆಂಗಸರು, ಎಲ್ಲರ ಕೈಯಲ್ಲೂ ಕೊಡತಿ. ಯಾರನ್ನೂ ನಾನು ಕರೆದಿರಲಿಲ್ಲ. ಗೋಡೆಯ ಮೇಲಿದ್ದ ನನ್ನ ಚಾರ್ಟನ್ನು ರಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿ, “ಚೆಂದಾಗ್ ಬರ್ದಿದ್ದೀಯ ಬುಡು. ಈಗ ಕುಂತ್ಕೊಂಡು ನಾರು ತೆಗಿ. ನಿನ್ ಕೈಗೆ ಕೊಡ್ತಿ ಕೊಟ್ರೆ ಬೀಜಕ್ಕಿಂತ ಮುಂಚೆ ಬೆಳ್ಳು ಜಜ್ಜೋಯ್ತದೆ” ಎಂದಳು. ಯೋಜನಾ ಮುಖ್ಯಸ್ಥೆಯಾದ ನಾನು ವಿನಮ್ರಳಾಗಿ ನಾರು ತೆಗೆದೆ. ಮೂರು ದಿನಕ್ಕೆ ಹಂಚಿದ್ದ ಕೆಲಸ ನೂರ್‌ಜಾನಳ ಚೇಷ್ಟೆ, ಅತ್ತೆಯ ಗದರಿಕೆ, ಆರು ಕೊಡತಿಗಳ ತಾಳದಲ್ಲಿ ಮಧ್ಯಾಹ್ನ ಒಂದೂವರೆಗೆ ಮುಗಿಯಿತು. ಟಾರ್ಪಾಲಿನ ಅಂಚಿನಲ್ಲಿ ತಂಡಿ ಹಿಡಿದು ಮೆತ್ತಗಾದ ಒಂದು ಮೊರದಷ್ಟು ಹಣ್ಣನ್ನು ಹಿತ್ತಾಳೆ ಪಾತ್ರೆ ಬೆಳಗಲು ಎತ್ತಿಟ್ಟೆವು. ಉಳಿದದ್ದೆಲ್ಲ ಮಡಕೆ ಸೇರಿತು. ಆರು ಜನರ ಮುಯ್ಯಿ ಈಗ ನನ್ನ ತಲೆಯ ಮೇಲಿದೆ. ಮುಂದಿನ ವಾರದ ರಜೆಚೀಟಿ ಬರೆಯುವ ಮೊದಲು ಅವರೆಲ್ಲರ ಮನೆಯ ದಿನ ಕೇಳಿ ಬರಬೇಕು.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ನಂಚಿಕೊಳ್ಳಲು ಈರುಳ್ಳಿ. ರಂಗಮ್ಮ ಎರಡನೆಯ ಮುದ್ದೆಯನ್ನು ಬೇಡವೆನ್ನದೆ ಹಾಕಿಸಿಕೊಂಡಳು. ನಾನು ಕೈ ತೊಳೆದು ಬರುವಷ್ಟರಲ್ಲಿ, ನಮ್ಮ ಜಗಲಿಯಲ್ಲಿ ಖಾಲಿ ಚೀಲವನ್ನು ತಲೆಯಡಿಗೆ ಮಡಿಸಿಟ್ಟುಕೊಂಡು, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದವಳೂ ಅವಳೇ.